ಗಂಗರತ್ನಮ್ಮ ಟೀಚರಿಗೆ ನಾನು ಹೇಳದೆ ಉಳಿಸಿಕೊಂಡ ಮಾತು

"ಯಾವ ಗಂಗರತ್ನಮ್ಮ?" ಎಂದು ಕೇಳಿದೆ...
ಬೇರೊಬ್ಬ ಗಂಗರತ್ನಮ್ಮ ನಮ್ಮ ಬಳಗದಲ್ಲಿ ಇಲ್ಲವೆಂದು ತಿಳಿದಿದ್ದೂ ಕೇಳಿದೆ.
"ನಮ್ಮ ಯು.ಕೆ.ಜಿ. ಟೀಚರ್ ರೀ ಸರ್... ಬೆಳಿಗ್ಗೆ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು ರೀ..." ಎಂದರು ಈಗಿನ ಹೆಡ್‌ಮಾಸ್ಟರು.
ಫೋನ್ ಇಟ್ಟು ಮೂರು ಗಂಟೆ ಕಳೆದಿದೆ.
ಮನಸ್ಸು ಇನ್ನೂ ಒಪ್ಪುತ್ತಿಲ್ಲ.

ಮಿತ್ರರೇ,
ಮಡಕಶಿರಾ ಕಡೆಯ ಈ ಹೆಣ್ಣುಮಗಳು ಆಂಧ್ರದ ರಾಯದುರ್ಗದ ಕಡೆಯ ನಮ್ಮ ಕನ್ನಡ ಶಾಲೆಗೆ ಬಂದಾಗ ನಾನು ಅಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ.
ಅವರಿಗೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ಉಳಿಸಿಕೊಂಡೆ.
ಇಂದು ನಿಮ್ಮೆಲ್ಲರೆದುರು ಬರೆಯುತ್ತಿದ್ದೇನೆ...

ಮಧ್ಯಾಹ್ನದ ಊಟದ ನಂತರ, ಎಣಿಕೆಯಲ್ಲಿ ಹಿಂದುಳಿದ ನಾಲ್ಕೈದು ಮಕ್ಕಳನ್ನು ಮಾತ್ರ ಅವರು ವರಾಂಡದಲ್ಲಿ ಚಾಪೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.
ಎದುರಿಗೆ ಒಂದು ಹಿಡಿ ಹುಣಸೆಬೀಜ.
ಪುಸ್ತಕವಿಲ್ಲ, ಸ್ಲೇಟಿಲ್ಲ.

ಒಂದು ದಿನ ಅನಿತಾ ಎಂಬ ಹುಡುಗಿ ಬೀಜಗಳನ್ನು ಒಂದೊಂದಾಗಿ ಸರಿಸುತ್ತ ಎಣಿಸುತ್ತಿದ್ದಳು.
"ಒಂದು... ಎರಡು... ಮೂಡು..."
ಅವಳ ಮನೆಯಲ್ಲಿ ತಾಯಿಯದು ಕನ್ನಡ, ಅಜ್ಜಿಯದು ತೆಲುಗು. ಮೂರು ಎನ್ನುವಲ್ಲಿ ತೆಲುಗಿನ ಮೂಡು ಬಂದಿತ್ತು.
ಹಾದುಹೋಗುತ್ತಿದ್ದ ನಾನು ಗದರಿದೆ.
"ಮೂಡು ಅಲ್ಲ, ಮೂರು! ಕನ್ನಡದಾಗ ಹೇಳು!"
ಮಗುವಿನ ಬೆರಳು ಬೀಜದ ಮೇಲೆಯೇ ನಿಂತಿತು.
ಅವಳು ಮತ್ತೆ ಬಾಯಿ ತೆರೆಯಲಿಲ್ಲ... ಅಂದೂ, ಮರುದಿನವೂ, ಆ ವಾರವೆಲ್ಲ.

ಟೀಚರ್,
ಮಕ್ಕಳೆದುರು ನೀವು ನನಗೆ ಏನೂ ಅನ್ನಲಿಲ್ಲ.
ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬಂದಿರಿ.
"ಸಾರ್, ಇಷ್ಟು ದಿನ ಅವ್ಳ ಬಾಯಿ ಹತ್ತಕ್ಕೆ ಹೋದ್ರೂ ಕೈ ನಾಕರಲ್ಲೇ ಇರ್ತಿತ್ತು. ಇವತ್ತು ಒಂದ್ ಬೀಜಕ್ಕೆ ಒಂದೇ ಅಂಕಿ ಹೇಳ್ತಾ ಇದ್ಲು. ಲೆಕ್ಕ ಸರಿಯಾಗೇ ಇತ್ತಲ್ಲ ಸಾರ್?"
"ಅಲ್ರಿ ಟೀಚರ್, ಕನ್ನಡ ಸಾಲ್ಯಾಗ ಮೂಡು ಅಂದ್ರ ಸುಮ್ನ ಬಿಡಬೇಕೇನ್ರಿ?"
"ತಿದ್ದಾನ ಸಾರ್, ನಾನೇ ತಿದ್ತೀನಿ. ಮೊದ್ಲು ಮಗು ಎಣಿಸೋದು ಮುಗೀಲಿ."
ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ.

ಮರುವಾರ ನೀವು ಅನಿತಾಳಿಗೆ ಐದರಿಂದ ಆರಂಭಿಸಿದಿರಿ.
ಒಂದು ಕೈಯ ಬೆರಳೆಲ್ಲ ಸೇರಿ ಐದು. ಒಂದು ಬೀಜ ಕೂಡಿಸಿದರೆ ಆರು.
ಇದೇನು ಹೊಸ ಪದ್ಧತಿ ಎಂದು ಕೇಳಿದೆ.
"ಐದು, ಆರು ತೆಲುಗಲ್ಲೂ ಅದೇ, ಕನ್ನಡದಲ್ಲೂ ಅದೇ. ಅಲ್ಲಿ ತಿದ್ದಕ್ಕೆ ನಿಮಗೇನೂ ಸಿಗಲ್ಲ ಸಾರ್!" ಎಂದು ನಕ್ಕಿರಿ.
ಕೆಲವು ದಿನಗಳಲ್ಲಿ ವರಾಂಡದಿಂದ "ಐದು" ಎಂಬ ಸಣ್ಣ ಧ್ವನಿ ಬಂತು...
ನನಗೆ ಕೇಳಿಸಿತು.
ಎದ್ದು ಹೊರಗೆ ಬರಲಿಲ್ಲ.

ನನ್ನ ನಿವೃತ್ತಿಯ ದಿನ ಭಾಷಣದಲ್ಲಿ ನಿಮ್ಮ ಸಮಯಪಾಲನೆಯನ್ನು ಹೊಗಳಿದೆ.
ನೀವು ಹೇಳಿದ್ದೇ ಸರಿ, ನಾನು ಗದರಿದ್ದು ತಪ್ಪು ಎನ್ನಲು ನಾಲಿಗೆ ಹೊರಳಲಿಲ್ಲ.
ಸೇವಾವಧಿಯುದ್ದಕ್ಕೂ ಪರರ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿದವನು ನಾನು...
ನನ್ನದನ್ನು ಒಪ್ಪಿಕೊಳ್ಳುವ ರೂಢಿ ಇರಲಿಲ್ಲ.
ಈಗ ಹೇಳುತ್ತಿದ್ದೇನೆ, ಟೀಚರ್. ತಪ್ಪು ನನ್ನದು.

ಊಟದ ಹೊತ್ತು ಕಳೆದ ಮೇಲೆ ಹೆಡ್‌ಮಾಸ್ಟರು ಮತ್ತೊಮ್ಮೆ ಫೋನ್ ಮಾಡಿದ್ದರು.
"ಟೀಚರ್ ಈ ವರ್ಷ ಎಣಿಕಿ ಕಲಸ್ತಿದ್ದ ಐದು ಮಕ್ಕಳು ತಾವಾ ಚಾಪಿ ಹಾಸ್ಕೊಂಡು ಕುಂತಾವ್ರಿ ಸರ್... ಟೀಚರ್ ಯಾಕ ಬಂದಿಲ್ಲ ಅಂತಾವ. ಏನ್ ಹೇಳ್ಬೇಕ್ರಿ?"
ಬೇರೆ ಟೀಚರ್ ಬರುವವರೆಗೆ, ನಾಳೆಯಿಂದ ಆ ಮಕ್ಕಳೊಂದಿಗೆ ನಾನು ಕೂರುತ್ತೇನೆ ಎಂದೆ.
ವ್ಯಾಕರಣವನ್ನು ಕಲಿಸಬಲ್ಲೆ.
ಐದು ವರ್ಷದ ಮಗು ತಡವರಿಸುವಾಗ ಬಾಯಿ ಮುಚ್ಚಿಕೊಂಡು ಕಾಯುವುದು ನನಗೆ ಬಾರದು...
ನಿಮ್ಮಿಂದ ಕೇಳಿ ಕಲಿಯಬಹುದಾಗಿತ್ತು. ಒಂದೇ ಗೋಡೆಯ ಆಚೆ ಇದ್ದಿರಿ.

ಮಡಕಶಿರಾ ಕಡೆಯ ರತ್ನಗಿರಿಯ ಹತ್ತಿರದ ನಿಮ್ಮ ಊರಿಗೆ ಈಗ ಹೊರಟಿದ್ದೇನೆ.
ಅಂತಿಮ ದರ್ಶನಕ್ಕಾದರೂ ಸಕಾಲಕ್ಕೆ ತಲಪುವೆನೋ ಇಲ್ಲವೋ...

ದಣಿದ ಜೀವಕ್ಕೆ ಭಗವಂತನ ಸನ್ನಿಧಿಯಲ್ಲಿ ವಿಶ್ರಾಂತಿ ದೊರೆಯಲಿ.
ಹೋಗಿ ಬನ್ನಿ, ಟೀಚರ್.