ಏಳು ರೊಟ್ಟಿಯ ನಾನಖಟಾಯಿ

ನಮ್ಮ ಮನೆಯಲ್ಲಿ ತಗಡಿನದೊಂದು ಡಬ್ಬಿ ಇದೆ. ಅದರ ಮುಚ್ಚಳದ ಮೇಲೆ ಹಿಂದೊಮ್ಮೆ ಇಡೀ ಗಿಳಿಯೊಂದಿತ್ತಂತೆ. ಈಗ ಉಳಿದಿರುವುದು ಕೊಕ್ಕು ಮಾತ್ರ. ಮಿಕ್ಕ ದೇಹವನ್ನು ನನ್ನ ಹೆಂಡತಿ ಮತ್ತು ಅವಳ ಅಕ್ಕ ಸೇರಿ, ವರ್ಷಗಟ್ಟಲೆ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಮುಗಿಸಿದ್ದಾರೆ. ಡಬ್ಬಿ ಜೇವರ್ಗಿಯದು, ಅಂದರೆ ಈ ಅಕ್ಕತಂಗಿಯರ ತವರಿನದು. ಪ್ರತಿ ವರ್ಷ ನಾಗರ ಪಂಚಮಿಗೆ ಮುಂಚೆ ಆಳಂದದ ನಮ್ಮ ಮನೆಯಿಂದ ಅದು ನಾನಖಟಾಯಿ ತುಂಬಿಕೊಂಡು ಅಫಜಲಪುರದ ಅಕ್ಕನ ಮನೆಗೆ ಹೋಗುತ್ತದೆ. ಅಲ್ಲಿಂದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತುಂಬಿಕೊಂಡು ಮರಳುತ್ತದೆ. ಡಬ್ಬಿ ಯಾವ ಕಡೆಗೂ ಖಾಲಿ ಹೋಗಬಾರದು, ಯಾವ ವರ್ಷವೂ ತಪ್ಪಬಾರದು. ಇದು ಅವರ ತಾಯಿ ಮಾಡಿಟ್ಟು ಹೋದ ಕಾಯಿದೆ. ಇದಕ್ಕೆ ತಿದ್ದುಪಡಿ ಇಲ್ಲ, ಮೇಲ್ಮನವಿಗೂ ಅವಕಾಶವಿಲ್ಲ.

ನಾನಖಟಾಯಿಯನ್ನು ನಾವು ಮನೆಯಲ್ಲಿ ಬೇಯಿಸಿದವರಲ್ಲ. ನಮ್ಮ ಕಡೆಯ ಪದ್ಧತಿ ಬೇರೆ. ಮೈದಾ, ಕಡಲೆಹಿಟ್ಟು, ಸಕ್ಕರೆ ಪುಡಿ, ತುಪ್ಪ, ಏಲಕ್ಕಿ ಎಲ್ಲ ಮನೆಯಲ್ಲೇ ಕಲಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಓಣಿಯ ತುದಿಯ ಬೇಕರಿಗೆ ಒಯ್ಯಬೇಕು. ಅಲ್ಲಿ ಕಟ್ಟಿಗೆ ಉರಿಯ ದೊಡ್ಡ ಭಟ್ಟಿ. ಅದನ್ನು ಕಾಯುತ್ತಿದ್ದವರು ಇಡೀ ಓಣಿಗೆ ಚಾಚಾ ಆಗಿದ್ದ ಒಬ್ಬ ಹಿರಿಯರು. ನಮ್ಮ ಹಿಟ್ಟು ಒಳಗೆ ಹೋಗಿ ಹೊರಗೆ ಬರುವವರೆಗೆ ಹೆಂಗಸರು ಬಾಗಿಲಲ್ಲಿ ಕುಳಿತು, ತಮ್ಮದು ಪಕ್ಕದ ಮನೆಯವರದರೊಂದಿಗೆ ಅದಲುಬದಲಾಗದಂತೆ ನೋಡಿಕೊಳ್ಳುತ್ತಿದ್ದರು. ಚುನಾವಣೆಯ ಎಣಿಕೆ ಕೋಣೆಯಲ್ಲೂ ಅಷ್ಟು ಕಟ್ಟುನಿಟ್ಟು ಇರಲಿಕ್ಕಿಲ್ಲ.

ಈ ವರ್ಷ ಚಾಚಾನ ಮೊಣಕಾಲು ಕೈಕೊಟ್ಟಿತು. ಭಟ್ಟಿ ಒಡೆದರು. ಅಲ್ಲೀಗ ಮೊಬೈಲಿನ ಕವರು ಮಾರುತ್ತಾರೆ.

"ಈ ಸಲ ಡಬ್ಬಿ ಹೋಗಂಗಿಲ್ಲ ಕಾಣಸ್ತದ," ಎಂದಳು ಹೆಂಡತಿ. ಜೋರಾಗಿ ಹೇಳಿದ್ದರೆ ನಾನು ಪತ್ರಿಕೆ ಕೆಳಗಿಡುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು.

"ಅಂಗಡ್ಯಾಗಿಂದ ತಂದು ತುಂಬೋಣು. ನಿಮ್ಮ ಅಕ್ಕಗ ಏನ್ ಗೊತ್ತಾಗ್ತದ?"

"ಅವ್ವನ ಡಬ್ಬ್ಯಾಗ ಅಂಗಡಿ ಬಿಸ್ಕೀಟ್ ತುಂಬ್ಲೇನ್ರಿ? ಮಾಸ್ತರಕಿ ಮಾಡಿದವ್ರು ಆಡೋ ಮಾತೇನ್ರಿ ಇದು?"

ನಿವೃತ್ತನಾಗಿ ಆರು ವರ್ಷವಾದರೂ ನನ್ನ ಮಾಸ್ತರಿಕೆ ಇಂಥ ಹೊತ್ತಿನಲ್ಲಿ ಮಾತ್ರ ಸೇವೆಗೆ ಮರಳುತ್ತದೆ. ಮರುದಿನ ಕಲಬುರಗಿಗೆ ಹೋಗಿ ಓವನ್ ಒಂದನ್ನು ತಂದೆ. ಬಸ್ಸಿನಲ್ಲಿ ಅದನ್ನು ಕೆಳಗಿಡಲು ಮನಸ್ಸಾಗದೆ ತೊಡೆಯ ಮೇಲೇ ಇಟ್ಟುಕೊಂಡೆ. ಕಂಡಕ್ಟರ್ ಬಂದು ಅದರ ರಟ್ಟಿನ ಖೋಕಾ ತಟ್ಟಿ ನೋಡಿದ.

"ಟಿವಿ ಏನ್ರಿ ಮಾಸ್ತರ?"

"ಭಟ್ಟಿ."

"ತೊಡಿ ಮ್ಯಾಲ ಭಟ್ಟಿ ಇಟ್ಕೊಂಡು ಹೊಂಟವ್ರನ್ನ ನೋಡಿದ್ದು ಇದೇ ಮೊದಲ ನೋಡ್ರಿ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಖರೆ ಹೇಳಬೇಕೆಂದರೆ, ಮೊದಲ ನೇಮಕಾತಿಯ ಆದೇಶ ಹಿಡಿದುಕೊಂಡು ಬಂದ ದಿನವೂ ನನ್ನ ಎದೆ ಹಾಗೆ ಹೊಡೆದುಕೊಂಡಿರಲಿಲ್ಲ.

ರೊಟ್ಟಿ ಬುಟ್ಟಿಯನ್ನು ಅದರ ಪರಂಪರಾಗತ ಕಟ್ಟೆಯಿಂದ ಇಳಿಸಿ ಓವನನ್ನು ಪ್ರತಿಷ್ಠಾಪಿಸಲಾಯಿತು. ಹೆಂಡತಿ ಅದಕ್ಕೆ ವಿಭೂತಿ ಹಚ್ಚಿದಳು. ನಾನು ಅದರ ಜೊತೆ ಬಂದ ಪುಸ್ತಿಕೆಯನ್ನು ಎದ್ದುನಿಂತು ಓದಿದೆ: ಮೊದಲು ಖಾಲಿ ಓವನ್ ಕಾಯಿಸಬೇಕು, ಆಮೇಲೆ ಒಳಗಿಡಬೇಕು, ಇಪ್ಪತ್ತು ನಿಮಿಷ ಬಾಗಿಲು ಮುಚ್ಚಿರಬೇಕು. ಸಭೆ ಅಂಗೀಕರಿಸಿತು.

ಮೊದಲ ಸರತಿಯಲ್ಲಿ ಹನ್ನೆರಡು ಉಂಡೆ ಒಳಗೆ ಹೋದವು. ತಲೆಯ ಮೇಲೆ ಒಂದೊಂದು ಚಾರೋಳಿ ಕಾಳು ಒತ್ತಿಸಿಕೊಂಡು, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ಕೂತವು. ನಾನು ಕನ್ನಡಕ ತರಲು ಒಳಗೆ ಹೋದೆ. ಮರಳಿ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಹೆಂಡತಿ ಚಮಚೆ ಹಿಡಿದು ಹನ್ನೆರಡನ್ನೂ ಬೋರಲು ಹಾಕುತ್ತಿದ್ದಳು.

"ಏನ್ ಮಾಡಾಕತ್ತೀ?"

"ತಿರುವಿ ಹಾಕಾಕತ್ತೇನಿ. ಒಂದ ಕಡಿ ಬೆಂದ್ರ ಆತೇನ್ರಿ?"

ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಹಂಚಿನ ಮೇಲೆ ಹಾಕಿದ್ದನ್ನು ಒಂದು ಗಳಿಗೆಗೆ ತಿರುವದಿದ್ದರೆ ಆ ಕೈಗೆ ಜೀವವೇ ಇರುವುದಿಲ್ಲ. ಚಾರೋಳಿಗಳೆಲ್ಲ ತಟ್ಟೆಗೆ ಅಂಟಿ, ನಾನಖಟಾಯಿ ಪುಡಿಪುಡಿಯಾಗಿ, ಕೊನೆಗೆ ಬಟ್ಟಲಿನಲ್ಲಿ ಹಾಲು ಹಾಕಿಕೊಂಡು ತಿಂದೆವು. ರುಚಿ ಇತ್ತು. ಡಬ್ಬಿಯಲ್ಲಿ ಕಳಿಸುವ ರೂಪ ಇರಲಿಲ್ಲ.

ಎರಡನೆಯ ಸರತಿಗೆ ಆಕೆ ತಿರುವುವುದಿಲ್ಲ ಎಂದು ಮಾತು ಕೊಟ್ಟಳು, ತಿರುವಲಿಲ್ಲ. ಆದರೆ ನೋಡದೆ ಇರುವ ಬಗ್ಗೆ ಮಾತು ಕೊಟ್ಟಿರಲಿಲ್ಲ. ಎರಡು ನಿಮಿಷಕ್ಕೊಮ್ಮೆ ಬಾಗಿಲು ತೆರೆದಳು. ನ್ಯಾಯವಾಗಿ ಹೇಳುವುದಾದರೆ ಎರಡು ಸಲ ನಾನೂ ತೆರೆದೆ, ಮೊಬೈಲಿನ ಬ್ಯಾಟರಿ ದೀಪ ಹಚ್ಚಿಕೊಂಡು. ಕಾವೆಲ್ಲ ಹೊರಗೆ ಹೋಗಿ ಅಡುಗೆಮನೆ ಚೆನ್ನಾಗಿ ಬೆಂದಿತು. ನಾನಖಟಾಯಿ ತುಪ್ಪ ಬಿಟ್ಟುಕೊಂಡು ಒಂದಕ್ಕೊಂದು ಅಂಟಿ, ತಟ್ಟೆಯಗಲದ ಒಂದೇ ಒಂದು ನಾನಖಟಾಯಿ ಆಯಿತು. ನಡುವೆ ಐದು ನಿಮಿಷ ಕರೆಂಟು ಬೇರೆ ಹೋಗಿತ್ತು. ಕಾವು ನಿಂತರೂ ಓವನಿನ ಕೀಲಿ ಕೊಡುವ ಗಂಟೆಯ ಮುಳ್ಳು ಮಾತ್ರ ಟಿಕ್ ಟಿಕ್ ಎಂದು ತಿರುಗುತ್ತಲೇ ಇದ್ದು, ಹೊತ್ತಿಗೆ ಸರಿಯಾಗಿ ಟಿಣ್ ಎಂದಿತು.

"ಇದು ಸುಳ್ಳ ಹೇಳ್ತದ್ರಿ," ಎಂದಳು. ಅಂದಿನಿಂದ ಗಂಟೆಯ ಸಾಕ್ಷ್ಯವನ್ನು ನಮ್ಮ ಮನೆಯಲ್ಲಿ ಪರಿಗಣಿಸುವುದಿಲ್ಲ.

ಪಂಚಮಿಗೆ ಐದು ದಿನ ಉಳಿದಿತ್ತು. ಹೆಂಡತಿ ಡಬ್ಬಿಯನ್ನು ತಿಕ್ಕಿ ಬಿಸಿಲಿಗಿಟ್ಟವಳು, ಮತ್ತೆ ತೆಗೆದು ಅಟ್ಟಕ್ಕೆ ಏರಿಸಿದಳು. ನನಗೆ ಅದನ್ನು ನೋಡಲಾಗಲಿಲ್ಲ. ಚಾಚಾನ ಮನೆಗೆ ಹೋದೆ.

ಚಾಚಾ ಕೋಲೂರಿಕೊಂಡು ಬಂದರು. ಓವನನ್ನು ಮೂರೂ ಕಡೆಯಿಂದ ನೋಡಿದರು. ಅದನ್ನು ಖಾಲಿಯೇ ಕಾಯಿಸಲು ಹೇಳಿ, ಬಾಗಿಲು ತೆರೆದು ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ಏನನ್ನೋ ಎಣಿಸಿದರು. ವೈದ್ಯರು ನಾಡಿ ಹಿಡಿದ ಹಾಗಿತ್ತು.

"ಆಂಚ್ ಛಲೋ ಅದ," ಎಂದರು. "ಕಾವಿಂದೇನ್ ತಪ್ಪಿಲ್ರಿ ಮಾಸ್ತರ್ ಸಾಬ್. ಬಾಗ್ಲಾ ಯಾರ್ ತಗೀತಾರ?"

ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದೆವು.

"ಭಟ್ಟಿ ಬಾಗ್ಲಾ ಮುಚ್ಚಿದ ಮ್ಯಾಲ ನಾ ಎಲ್ಲಿ ಹೋಗ್ತಿದ್ದೆ, ಗೊತ್ತದೇನ್ ಬೇಟಿ?"

"ಹೋಟೆಲಿಗೆ. ಚಹಾ ಕುಡೀಲಾಕ. ನಮ್ಮನ್ನ ಅಲ್ಲೇ ಕೂಡಿಸಿ ಹೋಗ್ತಿದ್ರಿ. ನಾವೆಲ್ಲ ಬೈಕೊಂಡು ಕೂಡ್ತಿದ್ವಿ."

"ಚಹಾದ ಚಟಕ್ಕ ಹೋಗ್ತಿದ್ದಿಲ್ಲವ್ವ. ಅಲ್ಲೇ ಕುಂತ್ರ ಕೈ ತಡೀತದೇನ? ತಗದು ನೋಡ್ಬೇಕನಸ್ತದ. ಒಂದ್ ಚಹಾ ಮುಗೀಬೇಕು, ನಾನಖಟಾಯಿ ಆಗ್ಬೇಕು. ಅಷ್ಟೇ ಹಿಸಾಬ್."

ಇಷ್ಟು ವರ್ಷ ಇಡೀ ಓಣಿ ಬೈದುಕೊಂಡ ಚಹಾ ಅದು. ಅದೇ ಗಡಿಯಾರವಾಗಿತ್ತು!

ಹೆಂಡತಿ ಹೋಟೆಲಿಗೆ ಹೋಗಿ ಚಹಾ ಕುಡಿಯುವವಳಲ್ಲ. ಸೆರಗು ಸಿಕ್ಕಿಸಿಕೊಂಡು, ಜೋಳದ ಹಿಟ್ಟಿನ ಡಬ್ಬ ಎಳೆದಳು. "ಚಾಚಾ, ನೀವು ಊಟಕ್ಕ ಇಲ್ಲೇ ಇರ್ರಿ. ರೊಟ್ಟಿ ಬಡೀತೇನಿ."

ನಾನಖಟಾಯಿಯನ್ನು ಒಳಗಿಟ್ಟು ಓವನಿನ ಬಾಗಿಲು ಹಾಕಿ ಅದಕ್ಕೆ ಬೆನ್ನು ತಿರುಗಿಸಿ ನಿಂತಳು. ಚಾಚಾ ಓವನ್ ಮುಂದೆ ಕುರ್ಚಿ ಹಾಕಿಕೊಂಡು, ಕೋಲು ಅಡ್ಡವಿಟ್ಟು ಕಾವಲು ಕೂತರು. ಕಾವಲು ನನ್ನ ವಿರುದ್ಧ ಎಂಬುದು ಆಮೇಲೆ ತಿಳಿಯಿತು. ಪಟಪಟ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಒಂದು ರೊಟ್ಟಿ ಹಂಚಿಗೆ, ನೀರು ಸವರಿದ್ದು, ತಿರುವಿದ್ದು, ಬುಟ್ಟಿಗೆ. ಎರಡು. ಮೂರು. ತಿರುವುವ ಕೈಗೆ ತಿರುವಲು ಕೆಲಸ ಸಿಕ್ಕಿತ್ತು. ನಾಲ್ಕನೆಯದಕ್ಕೆ ತುಪ್ಪದ ವಾಸನೆ ಬಂತು. ಐದನೆಯದಕ್ಕೆ ಏಲಕ್ಕಿಯದು. ಆರನೆಯದಕ್ಕೆ ನಾನು ಕೂತಲ್ಲಿಂದ ಎದ್ದೆ, ಚಾಚಾ ಕೋಲು ಎತ್ತಿದರು, ಕೂತೆ. ಏಳನೆಯ ರೊಟ್ಟಿ ಬುಟ್ಟಿಗೆ ಬಿದ್ದಾಗ ಚಾಚಾ ಮೂಗರಳಿಸಿ, "ಬಸ್, ತಗೀ," ಎಂದರು.

ತೆಗೆದರೆ, ಹನ್ನೆರಡೂ ಹನ್ನೆರಡು! ನಡುವೆ ಸಣ್ಣಗೆ ಬಿರುಕು ಬಿಟ್ಟು, ಅಂಚಿಗೆ ಚೂರು ಕೆಂಪಗೆ, ಚಾರೋಳಿ ಇದ್ದಲ್ಲೇ ಇದ್ದು. ನಾನು ಚಪ್ಪಾಳೆ ಹೊಡೆದೆ. ಆ ವಯಸ್ಸಿನಲ್ಲಿ ಹೊಡೆಯಬಾರದಿತ್ತು, ಹೊಡೆದೆ. ಹೆಂಡತಿ ಬಿಸಿ ಇದ್ದಾಗಲೇ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಮಾತಾಡಲಾಗದೆ ಕೈಸನ್ನೆಯಲ್ಲೇ ಅಟ್ಟ ತೋರಿಸಿದಳು. ನಾನು ಏಣಿ ಹತ್ತಿ ಡಬ್ಬಿ ಇಳಿಸಿದೆ.

ಡಬ್ಬಿ ತುಂಬಲು ಇನ್ನೂ ನಾಲ್ಕು ಸರತಿ ಬೇಕಾಯಿತು. ಅಂದರೆ ಇಪ್ಪತ್ತೆಂಟು ರೊಟ್ಟಿ. ಅಷ್ಟು ರೊಟ್ಟಿ ತಿನ್ನಲು ನಾವಿಬ್ಬರು ಸಾಲದೆ ಅಕ್ಕಪಕ್ಕದವರಿಗೆ ಹಂಚಿದೆವು. ಕರೆಂಟು ಹೋದಾಗ ಆಕೆ ಹಿಟ್ಟು ಮುಚ್ಚಿಟ್ಟು ನಿಲ್ಲುತ್ತಿದ್ದಳು, ಬಂದ ಮೇಲೆ ಮತ್ತೆ ಬಡಿಯುತ್ತಿದ್ದಳು. ಸುಳ್ಳು ಗಂಟೆಗಿಂತ ಇದು ಎಷ್ಟೋ ಪ್ರಾಮಾಣಿಕ ಲೆಕ್ಕ. ಒಮ್ಮೆ ಕಾದ ಓವನನ್ನು ಸುಮ್ಮನೆ ಆರಿಸಬಾರದೆಂದು ಗೆಣಸು ಇಟ್ಟೆವು: ಹದಿನೈದು ರೊಟ್ಟಿಗೆ ಸಿಪ್ಪೆಯೊಳಗೆ ಬೆಲ್ಲದ ಪಾಕದಂತಾಯಿತು. ಮಸಾಲೆ ತುಂಬಿದ ಎಳೆ ಬದನೆಕಾಯಿ ಹತ್ತು ರೊಟ್ಟಿಗೆ ಮೆತ್ತಗಾಗಿ ಕೂತವು. ಪಕ್ಕದ ಮನೆಯ ಎಮ್ಮೆ ಈದಿತ್ತು; ಗಿಣ್ಣದ ಹಾಲಿಗೆ ಬೆಲ್ಲ ಹಾಕಿ, ನೀರಿನ ತಟ್ಟೆಯಲ್ಲಿ ಬಟ್ಟಲಿಟ್ಟು ಬೇಯಿಸಿದರೆ ಹನ್ನೆರಡು ರೊಟ್ಟಿಗೆ ಗಿಣ್ಣ ನಡುಗುತ್ತ ನಿಂತಿತು. ಪುಸ್ತಿಕೆಯ ಕೊನೆಯ ಖಾಲಿ ಪುಟದಲ್ಲಿ ನಾನು ಇದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟೆ. ಕಂಪನಿಯವರು ಬರೆಯಲು ಮರೆತ ಭಾಗ ಅದು.

ಪಂಚಮಿಗೆ ಎರಡು ದಿನ ಇರುವಾಗ ಡಬ್ಬಿ ಮುಂಜಾನೆಯ ಅಫಜಲಪುರ ಬಸ್ಸು ಹತ್ತಿತು. ನನ್ನ ಅದೃಷ್ಟಕ್ಕೆ ಅದೇ ಕಂಡಕ್ಟರ್. "ಇವತ್ತ ತೊಡಿ ಮ್ಯಾಲ ನಾ ಇಟ್ಕೋತೇನಿ ಬಿಡ್ರಿ ಮಾಸ್ತರ," ಎಂದು ಮೂಸಿ ನೋಡಿ ಇಸಿದುಕೊಂಡ. ಅವನಿಗೂ ಬೇರೆ ಪೊಟ್ಟಣದಲ್ಲಿ ನಾಲ್ಕು ಕಟ್ಟಿದ್ದೆವು.

ಹೆಂಡತಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಫೋನು ಬಂದದ್ದು ಮಧ್ಯಾಹ್ನ. ಸ್ಪೀಕರ್ ಹಾಕಿದಳು.

"ಏನ್ಬೇ ತಂಗೀ," ಅಕ್ಕನ ದನಿ. "ಇವು ಚಾಚಾನ ಭಟ್ಟಿವಲ್ಲ."

ಹೆಂಡತಿಯ ಮುಖ ಇಳಿಯಿತು. "ಅಲ್ಲಕ್ಕಾ. ಭಟ್ಟಿ ಒಡದ್ರು. ಓವನ್ ತಂದೇವಿ, ಮನ್ಯಾಗ ನಾನ ಮಾಡ್ದೆ."

"ನೀನ?" ಆ ಕಡೆ ಅಗಿಯುವ ಸದ್ದು. "ಅದಕ್ಕ ಕೇಳ್ದೆ. ಮುಂಜಾನಿ ಬಂದ ಡಬ್ಬಿ, ಈಗ ತಳಾ ಕಾಣಾಕತ್ತದ. ಪಂಚಮಿಗೇನ್ ಉಳೀತದ, ಹೇಳು? ನಮ್ಮ ಸೊಸಿ ತಂದ ಅಂಥದೇ ಓವನ್ ಒಂದು ಮಂಚದ ಬುಡಕ ಬಿದ್ದದ, ಅದರಾಗ ನಾ ಹಪ್ಪಳ ತುಂಬೇನಿ. ಎಷ್ಟೊತ್ತು ಇಡ್ಬೇಕು?"

"ಏಳು ರೊಟ್ಟಿ," ಎಂದಳು ಹೆಂಡತಿ, ನಿಮಿಷ ಎಂಬುದೊಂದು ಇದೆಯೆಂದೇ ಮರೆತು. ಅಕ್ಕನೂ ಅದೇನೆಂದು ಕೇಳಲಿಲ್ಲ. ಅವರ ಕೈಯೂ ಅಂಥದೇ.

ಹಬ್ಬದ ನಂತರ ಡಬ್ಬಿ ಮರಳಿ ಬಂತು. ಕೆಳಗೆ ಶೇಂಗಾ ಹಿಂಡಿ, ಅದರ ಮೇಲೊಂದು ಕಾಗದ, ಕಾಗದದ ಮೇಲೆ ಎಂಟು ನಾನಖಟಾಯಿ. ತಳ ಕರ್ರಗೆ ಸೀದಿತ್ತು. ಹೆಂಡತಿ ಒಂದನ್ನು ಬೆಳಕಿಗೆ ಹಿಡಿದು, ಕಚ್ಚಿ, ಬಹಳ ಹೊತ್ತು ಅಗಿದಳು. ಆ ಮುಖದಲ್ಲಿದ್ದ ಆನಂದವನ್ನು ನಾನು ನಮ್ಮ ಮಗಳ ಮದುವೆಯಲ್ಲೂ ಕಂಡಿರಲಿಲ್ಲ.

"ಅಕ್ಕನ ರೊಟ್ಟಿ ಮದಲಿಂದನೂ ದಪ್ಪ, ಬೇಯಾಕ ಹೊತ್ತು ಹಿಡೀತದ," ಎಂದಳು. ಫೋನು ಎತ್ತಿದಳು. "ಅಕ್ಕಾ, ನೀ ಐದ ರೊಟ್ಟಿಗೇ ತಗೀಬೇಕ ನೋಡು."

ಆ ಕಡೆಯಿಂದ ಏನೋ ಜೋರಾಗಿ ಕೇಳಿಸಿತು. ನಾನು ಪುಸ್ತಿಕೆ ತೆಗೆದು, ಏಳರ ಪಕ್ಕದಲ್ಲಿ 'ಅಫಜಲಪುರಕ್ಕೆ ಐದು' ಎಂದು ಬರೆದುಕೊಂಡು, ಸೀದ ತಳವನ್ನು ಹೆರೆದು ಎರಡನೆಯದನ್ನು ತಿಂದೆ.