ಸ್ಪ್ರಿಂಗ್ ಇಲ್ಲದ ಹಿಡಿಕೆ

ಈ ವಯಸ್ಸಿನಲ್ಲಿ ಕಂಪ್ಯೂಟರ್ ಆಟದ ಹೆಲಿಕಾಪ್ಟರಿಗೆ ಹಿಡಿಕೆ ಹುಡುಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯುವವನನ್ನು ಕಂಡರೆ, ಅವನಿಗೊಬ್ಬ ಮೊಮ್ಮಗನಿರಬೇಕೆಂದು ಜನ ತಾವೇ ತೀರ್ಮಾನಿಸಿಬಿಡುತ್ತಾರೆ. ನನಗೆ ಮೊಮ್ಮಕ್ಕಳಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಹಾರಲು ಹೊರಟವನು ನಾನೇ. ಏಣಿ ಹತ್ತಿದರೂ ತಲೆ ತಿರುಗುವ, ದೋಹಾದ ಮನೆಮನೆಗಳ ಏಸಿ ಬಿಚ್ಚಿ ಜೋಡಿಸುತ್ತಲೇ ಮುದುಕನಾದ ನಾನು.

ಶಾಲೆ ನನ್ನನ್ನು ಎಂಟನೆಯ ತರಗತಿಯಲ್ಲಿ ಬಿಟ್ಟಿತು. ಓದನ್ನು ನಾನು ಬಿಡಲಿಲ್ಲ. ಹೀಗೆ ಗುರುವಿಲ್ಲದೆ ಓದಿದವರಿಗೆ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ ‘ನೀವು ನೋಡಿದ್ದೀರಾ?’ ಎಂದು ಕೇಳುವುದು. ಹೆಲಿಕಾಪ್ಟರನ್ನು ಏರೋಪ್ಲೇನ್ ಚಿಟ್ಟೆ ನೋಡಿ ಮಾಡಿದ್ದು ಎನ್ನುವವರೊಂದಿಗೆ ನಾನು ಜಗಳವಾಡಿದ್ದೇನೆ. ಚಿಟ್ಟೆ ರೆಕ್ಕೆ ಬಡಿಯುತ್ತದೆಯೇ ಹೊರತು ತಿರುಗಿಸುವುದಿಲ್ಲ. ಹೋಲಿಕೆ ಬೇಕೇ ಬೇಕೆಂದರೆ ಗಿರಗಿರನೆ ಇಳಿಯುವ ಮಹೋಗನಿ ಬೀಜವನ್ನು ನೋಡಿ ಎಂದಿದ್ದೇನೆ. ನಮ್ಮ ಪುಷ್ಪಕ ವಿಮಾನದ ವಿಷಯ ಎತ್ತಿದವರನ್ನು ಅದರ ಹಿಡಿಕೆ ಎಲ್ಲಿತ್ತೆಂದು ಕೇಳಿದ್ದೇನೆ. ಅದು ಮನಸ್ಸಿನಿಂದಲೇ ನಡೆಯುತ್ತಿತ್ತಂತೆ. ಹಾಗಿದ್ದರೆ ಅದು ಬಿದ್ದಾಗ ಯಾರ ಕೈಯನ್ನು ದೂರುತ್ತಿದ್ದರೋ!

ನನ್ನ ಅಳಿಯ ಸುಕೇಶನ ಕೈಯನ್ನು ದೂರಿದರು. ಅವನು ಸಣ್ಣ ಹೆಲಿಕಾಪ್ಟರಿನ ಪೈಲಟ್; ಕಡಲ ನಡುವಿನ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಒಯ್ದು ಬಿಡುತ್ತಿದ್ದ. ದೂರದ ದೇಶವೊಂದರ ಕಡಲಲ್ಲಿ, ಎಲ್ಲರನ್ನೂ ಇಳಿಸಿ ಒಬ್ಬನೇ ಮೇಲೆದ್ದ ಯಂತ್ರ ಪಕ್ಕಕ್ಕೆ ವಾಲಿ ನೀರಿಗೆ ಬಿತ್ತು; ಅವನು ಉಳಿಯಲಿಲ್ಲ. ಕೈ ಸಡಿಲಿಸಿದ, ಪೈಲಟನದೇ ತಪ್ಪು ಎಂದು ಅವನ ಕಂಪೆನಿಯವರು ಹೇಳಿದರು. ನಾನು ಕಂಡ ಕೈ ಅದಲ್ಲ. ಮದೀನತ್ ಖಲೀಫಾದ ಚಹಾದಂಗಡಿಯಿಂದ ಅಂಚಿನವರೆಗೆ ತುಂಬಿದ ಕರಕ್ ಚಹಾದ ಲೋಟಗಳನ್ನು ತರುವಾಗ, ದಾರಿಯುದ್ದಕ್ಕೂ ನನ್ನೊಂದಿಗೆ ವಾದಿಸುತ್ತಲೇ, ಒಂದು ಹನಿ ಚೆಲ್ಲದ ಕೈ ಅದು. ಆ ಕೈ ಸಡಿಲಿತೆಂಬುದನ್ನು ನಾನೇ ಹಿಡಿಕೆ ಹಿಡಿದು ಕೂತು ಪರೀಕ್ಷಿಸದೆ ನಂಬಲು ನಾನು ಸಿದ್ಧನಿರಲಿಲ್ಲ.

ದೋಹಾದ ಹೊರಗಿನ ಉಮ್ಮ್ ಸಲಾಲಿನ ಅಂಗಡಿಯವನು ನಮ್ಮ ಮಂಗಳೂರು ಕಡೆಯವನು. ಒಂದು ಹಿಡಿಕೆ ತೆಗೆದು ಮುಂದಿಟ್ಟ.

"ಇದು ತಕ್ಕೊಳ್ಳಿ ಅಂಕಲ್, ಫಸ್ಟ್ ಕ್ಲಾಸ್. ಕೈ ಬಿಟ್ರೆ ತನ್ನಷ್ಟಕ್ಕೇ ನಡುವಿಗೆ ಬರ್ತದೆ. ಸ್ಪ್ರಿಂಗ್ ಉಂಟು."

"ಅದೇ ಬೇಡ."

"ಎಂಥ ಮಾರಾಯ್ರೆ! ಎಲ್ಲರೂ ಸ್ಪ್ರಿಂಗ್ ಇಲ್ಲಾಂತ ಜಗಳ ಮಾಡಿದ್ರೆ ನೀವು ಉಂಟೂಂತ ಮಾಡ್ತೀರಲ್ಲ!"

ಅವನಿಗೆ ಹೇಗೆ ಹೇಳಲಿ? ಸುಕೇಶನೇ ವಿವರಿಸಿದ್ದ: ಅವನ ಯಂತ್ರದಲ್ಲಿ ಎರಡು ಮೊಣಕಾಲುಗಳ ನಡುವೆ ಒಂದು ಕೋಲು, ಎಡಕ್ಕೆ, ಕಾರಿನ ಹ್ಯಾಂಡ್‌ಬ್ರೇಕಿನಂತೆ, ಏರಿಸಿ ಇಳಿಸುವ ಇನ್ನೊಂದು, ಕಾಲಡಿಯಲ್ಲಿ ಎರಡು ಪೆಡಲು. ಒಂದನ್ನು ಅಲುಗಿಸಿದರೆ ಉಳಿದವನ್ನೂ ತಿದ್ದಬೇಕು. ಕೈ ಬಿಟ್ಟರೆ ಯಾವುದೂ ನಿಮ್ಮನ್ನು ಕಾಪಾಡಲು ತಾನಾಗಿ ನಡುವಿಗೆ ಬರುವುದಿಲ್ಲ. ಬಿಟ್ಟೊಡನೆ ಎಲ್ಲವೂ ಸರಿಹೋಗುವ ಹಿಡಿಕೆಯಿಂದ ನಾನು ಯಾವ ಸತ್ಯವನ್ನು ಪರೀಕ್ಷಿಸಲಿ? ಕೊನೆಗೆ ಅಂಗಡಿಯವನು ತೋರಿಸಿದ್ದನ್ನೇ, ಅದಕ್ಕೆ ಹೊಂದುವ ಉಳಿದೆರಡರೊಂದಿಗೆ, ಅಲ್ ವುಕೈರಿನ ಮನೆಗೆ ತಂದೆ. ಬಿಚ್ಚಿ ಜೋಡಿಸಿದ ಅನುಭವ ನನಗೇನು ಕಡಿಮೆಯೇ? ಸ್ಪ್ರಿಂಗುಗಳನ್ನು ಕಿತ್ತು, ಗ್ರೀಸು ಹಚ್ಚಿ, ಇಟ್ಟಲ್ಲಿ ನಿಲ್ಲುವಂತೆ ಮಾಡಿದೆ. ಒಂದು ಸ್ಕ್ರೂ ಉಳಿಯಿತು. ಅದು ಯಾವಾಗಲೂ ಉಳಿಯುತ್ತದೆ.

ಆಮೇಲೆ ಬೀಳಲು ಆರಂಭಿಸಿದೆ. ಹಾರುವುದಿರಲಿ, ನೆಲದಿಂದ ಆಳೆತ್ತರ ಎದ್ದು ನಿಂತಲ್ಲೇ ನಿಲ್ಲುವುದೇ ಆಗಲಿಲ್ಲ. ಎಡಕ್ಕೆ ವಾಲಿದ್ದನ್ನು ತಿದ್ದುವಷ್ಟರಲ್ಲಿ ಬಲಕ್ಕೆ ಬಿದ್ದೆ. ಪ್ರತಿ ಸಲ ಬಿದ್ದಾಗಲೂ ಎದೆಯೊಳಗೆ ಇನ್ನೊಂದು ಯಂತ್ರ ಬೀಳುತ್ತಿತ್ತು. ಕಂಪೆನಿಯವರು ಹೇಳಿದ್ದೇ ನಿಜವೇನೋ, ಯಾವ ಕೈಯಾದರೂ ಒಂದು ಕ್ಷಣ ಸಡಿಲಬಹುದೇನೋ ಎಂಬ ಅನುಮಾನ ಆಗ ಮೊದಲ ಬಾರಿಗೆ ಸುಳಿಯಿತು. ಎಲ್ಲವನ್ನೂ ಅನುಮಾನಿಸಿದವನಿಗೆ ತನ್ನ ಅನುಮಾನದ ಮೇಲೆಯೇ ಅನುಮಾನ ಬಂದರೆ ನಿಲ್ಲಲು ನೆಲವಿರುವುದಿಲ್ಲ.

ಮಗಳು ವನಿತಾ ಇದನ್ನೆಲ್ಲ ನೋಡುತ್ತಿದ್ದಳು. ಸುಕೇಶ ಹೋದ ಮೇಲೆ ಅವಳು ಆಫೀಸಿಗೆ ಹೋದಳು, ಬಂದಳು, ಬಟ್ಟೆ ಮಡಚಿದಳು. ಅವನ ಮಾತನ್ನು ಮಾತ್ರ ಎತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಅವನ ಹೆಸರಿಗಂಟಿದ ತಪ್ಪನ್ನು ತೊಳೆದುಕೊಟ್ಟರೆ ಅವಳ ಬಾಯಿ ತೆರೆದೀತೆಂಬುದು ಈ ಹುಚ್ಚಿನ ಹಿಂದಿದ್ದ ನನ್ನ ಆಸೆ.

ಒಂದು ಶುಕ್ರವಾರ, ನಾನು ಮತ್ತೊಮ್ಮೆ ಬಿದ್ದಾಗ, ಅವಳು ಸಿಟ್ಟಿನಿಂದಲೇ ಬಾಗಿಲಲ್ಲಿ ನಿಂತಳು.

"ಖಲಾಸ್ ಮಾಡಿ ಅಪ್ಪ. ನೀವು ಸಾವಿರ ಸಲ ಬಿದ್ರೂ ಅವತ್ತು ಎಂಥ ಆಯ್ತೂಂತ ಗೊತ್ತಾಗ್ಲಿಕ್ಕಿಲ್ಲ."

ನಾನು ಮತ್ತೆ ಕೋಲು ಹಿಡಿದೆ. ಯಂತ್ರ ನಡುಗುತ್ತ ಮೇಲೆದ್ದಿತು. ಅವಳು ಹೋಗಲಿಲ್ಲ.

"ಮೂಗಿನ ಎದುರು ಎಂಥ ನೋಡೂದು? ಹತ್ತಿರ ನೋಡಿದ್ರೆ ಕೈ ಹೆಚ್ಚು ನಡುಗ್ತದೆ. ದೂರ ನೋಡಿ. ಕಡಲು, ಆಕಾಶ ಸೇರ್ತದಲ್ಲ, ಅಲ್ಲಿ."

"ಯಾರು ಹೇಳಿದ್ದು?"

"ಇವರೇ. ಹೊಸಬರಿಗೆ ಕಲಿಸುವಾಗ ಹೇಳ್ತಿದ್ರಂತೆ."

ನಾನು ದೂರ ನೋಡಿದೆ. ಯಂತ್ರ ಒಂದು ಗಳಿಗೆ, ತುಂಬಿದ ಲೋಟದಂತೆ, ತುಳುಕದೆ ನಿಂತಿತು. ಆಮೇಲೆ ತೆರೆಯ ಮೇಲಿನ ಕಡಲೂ ಆಕಾಶವೂ ಕಲಸಿಹೋದವು, ಬಿದ್ದೆ. ಈ ಸಲದ ತಪ್ಪು ಕೈಯದಲ್ಲ, ಕಣ್ಣಿನದು.

ಕಂಪೆನಿಯ ಮಾತನ್ನು ನಾನು ಈಗಲೂ ಒಪ್ಪಿಲ್ಲ. ಅಲ್ಲಗಳೆಯುವ ಪುರಾವೆಯೂ ನನ್ನಲ್ಲಿಲ್ಲ. ಆ ಮಧ್ಯಾಹ್ನ ಊಟಕ್ಕೆ ಕುಳಿತಾಗ ವನಿತಾ ತಾನಾಗಿಯೇ ಮಾತೆತ್ತಿದಳು.

"ನಿಮ್ಮ ಬಂಗುಡೆ ಸಾರಿನಷ್ಟು ರುಚಿ ಬೇರೆಲ್ಲೂ ಇಲ್ಲಾಂತ ಇವರು ಹೇಳ್ತಿದ್ರು, ಗೊತ್ತುಂಟಾ?"

ನನ್ನ ಸಾರಿನಲ್ಲಿ ಉಪ್ಪು ಹೆಚ್ಚೆಂಬುದಕ್ಕೆ ಈ ಕಟ್ಟಡದ ತುಂಬ ಸಾಕ್ಷಿಗಳಿದ್ದಾರೆ. ಆದರೂ ಆ ಒಂದು ಮಾತನ್ನು ನಾನು ಪರೀಕ್ಷಿಸಲು ಹೋಗಲಿಲ್ಲ. ಕೇಳಿದ ಹಾಗೆಯೇ ನಂಬಿಬಿಟ್ಟೆ.