ಹುಣಸೆಹಣ್ಣಿನಲ್ಲಿ ತಿಕ್ಕಿದ ಈಜುಕೊಳ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮನೆಯ ಈಜುಕೊಳದ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡೆ. ನೀರು ಹಸಿರಾಗಿತ್ತು. ಭಾವ ಪಕ್ಕದಲ್ಲೇ ನಿಂತಿದ್ದರು.

"ಹೇಗಿದೆ?"

ಉಗಿದು ಹೇಳಿದೆ: "ಸಾರಿಗಿಂತ ಸ್ವಲ್ಪ ಸಪ್ಪೆ. ಉಪ್ಪು ಬೇಕಾದಷ್ಟಿದೆ ಭಾವ."

"ಮತ್ತೆ ಆ ಯಂತ್ರದ ಪೆಟ್ಟಿಗೆ, ಉಪ್ಪು ಸಾಲದು ಅಂತಿದೆಯಲ್ಲ?"

ಇಬ್ಬರಲ್ಲಿ ಯಾರನ್ನು ನಂಬಬೇಕು? ಒಂದು ಕಡೆ ಹೊರದೇಶದಿಂದ ಬಂದ ಯಂತ್ರ. ಇನ್ನೊಂದು ಕಡೆ ಇಪ್ಪತ್ತೆರಡು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ನನ್ನ ನಾಲಿಗೆ. ಭಾವ ಯಂತ್ರವನ್ನು ನಂಬಿದರು. (ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ನಂಬುತ್ತಿದ್ದೆ.)

ಬಸವನಗುಡಿಯ ಮನೆಯೊಂದರಲ್ಲಿ ಈಜುಕೊಳವೇ ಎಂದು ನೀವು ಕೇಳಬಹುದು. ಅಕ್ಕಪಕ್ಕದವರೂ ಕೇಳಿದ್ದರು. ಹಿತ್ತಲಲ್ಲಿ ಅಗೆಯುವಾಗ ಎದುರುಮನೆಯವರು ಬಂದು, "ಇಷ್ಟು ದೊಡ್ಡ ಸಂಪಾ ಸಾರ್? ನಿಮಗೆ ಕಾವೇರಿ ನೀರು ಅಷ್ಟು ಬರುತ್ತಾ?" ಎಂದು ವಿಚಾರಿಸಿಕೊಂಡು ಹೋದರು. ಆ ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು.

ಕಾರಣ ಅಕ್ಕನ ಮೊಣಕಾಲು. ಎರಡು ವರ್ಷದ ಹಿಂದೆ ಎರಡೂ ಒಟ್ಟಿಗೆ ಕೈಕೊಟ್ಟವು. ಗೋಡೆ ಹಿಡಿಯದೆ ದೇವರಮನೆಗೂ ಹೋಗಲಾಗದ ಸ್ಥಿತಿ. ಸೊಂಟದ ಮಟ್ಟದ ನೀರಿನಲ್ಲಿ ದಿನಾ ಅರ್ಧ ಗಂಟೆ ನಡೆಯಿರಿ ಎಂದರು ಡಾಕ್ಟರು. ಹೇಳುವುದು ಸುಲಭ. ಸಾರ್ವಜನಿಕ ಕೊಳಕ್ಕೆ ಹೋಗಿ ಊರವರ ಮುಂದೆ ಒದ್ದೆ ಚೂಡಿದಾರದಲ್ಲಿ ನಡೆಯಲು ಐವತ್ತೆಂಟು ವರ್ಷದ ನಮ್ಮಕ್ಕ ಒಪ್ಪಲಿಲ್ಲ. ಭಾವ ನಿವೃತ್ತ ಇಂಜಿನಿಯರ್. ಸರ್ಕಾರಕ್ಕೆ ಮೂವತ್ತು ವರ್ಷ ಮೋರಿ, ಸೇತುವೆ ಕಟ್ಟಿಕೊಟ್ಟವರು. ಹೆಂಡತಿಗೆ ಒಂದು ಕೊಳ ಕಟ್ಟಿಕೊಟ್ಟರು. ಇಪ್ಪತ್ತನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಮೂರೂವರೆ ಅಡಿ ಆಳ.

ಅಕ್ಕ ನಡೆದಳು. ಬೆಳಗಿನ ಕಾಫಿಗೆ ಮುಂಚೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ. ಆರು ತಿಂಗಳಲ್ಲಿ ತಾರಸಿ ಹತ್ತಿ ಸಂಡಿಗೆ ಇಟ್ಟಳು. ನಮ್ಮ ಮನೆಗೂ ಒಂದು ಡಬ್ಬಿ ಬಂತು.

ಕ್ಲೋರಿನ್ ಪುಡಿಯ ವಾಸನೆಗೆ ಅವಳಿಗೆ ತಲೆನೋವು ಬರುತ್ತಿತ್ತು. ಅದಕ್ಕೇ ಭಾವ ಉಪ್ಪಿನ ಯಂತ್ರ ಹಾಕಿಸಿದ್ದು. ತತ್ವ ಸರಳ. ನೀರಿಗೆ ಉಪ್ಪು ಹಾಕಬೇಕು, ಸಮುದ್ರದ ನೀರಿನಲ್ಲಿರುವುದರ ಹತ್ತನೇ ಒಂದು ಭಾಗದಷ್ಟು. ಆ ನೀರು ಪೈಪಿನ ನಡುವೆ ಕೂರಿಸಿದ ಒಂದು 'ಸೆಲ್' ಮೂಲಕ ಹರಿಯುತ್ತದೆ. ಸೆಲ್ಲಿನೊಳಗೆ ಟೈಟಾನಿಯಂ ಲೋಹದ ತಗಡುಗಳು. ಅವುಗಳಿಗೆ ಕರೆಂಟು ಕೊಟ್ಟರೆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ, ನೀರು ಶುದ್ಧವಾಗುತ್ತದೆ. ಪಿಯುಸಿ ಪಾಠ. ನಾನೇ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವ ಚಿತ್ರ. ಮೋಟರಿನ ಕೋಣೆಯ ಬಾಗಿಲಿಗೆ ಭಾವ ಒಂದು ಬೋರ್ಡು ಹಾಕಿದ್ದರು: 'ನನ್ನ ಹೊರತು ಯಾರೂ ಮುಟ್ಟಕೂಡದು.'

ಹಾಗಿದ್ದೂ ದೀಪಾವಳಿ ಕಳೆಯುತ್ತಿದ್ದಂತೆ ನೀರು ಹಸಿರಾಯಿತು. ಪೆಟ್ಟಿಗೆಯ ಮೇಲೆ ಕೆಂಪು ದೀಪ: ಉಪ್ಪು ಕಡಿಮೆ. ಭಾವ ಮಾಮೂಲ್‌ಪೇಟೆಗೆ ಹೋಗಿ ಒಂದು ಮೂಟೆ ಕಲ್ಲುಪ್ಪು ತಂದರು. ("ಎಷ್ಟು ಜನಕ್ಕೆ ಸಾರ್ ಉಪ್ಪಿನಕಾಯಿ?" ಎಂದು ಅಂಗಡಿಯವನು ಕೇಳಿದನಂತೆ.) ಸುರಿದರು. ಕೆಂಪು ದೀಪ ಆರಲಿಲ್ಲ. ಸೊಳ್ಳೆಗಳು ಬಂದವು. ಹಿಂದಿನ ಮನೆಯವರು ಕಾಂಪೌಂಡಿನ ಮೇಲಿಂದ ತಲೆಯೆತ್ತಿ, ತಮ್ಮ ಮಗುವಿಗೆ ಜ್ವರ ಬಂದಿದೆ ಎಂದಷ್ಟೇ ಹೇಳಿ ತಲೆ ಇಳಿಸಿದರು. ಅಕ್ಕ ನೀರಿಗಿಳಿಯುವುದು ನಿಂತು ಮೂರು ವಾರವಾಗಿತ್ತು. ಆ ಭಾನುವಾರ ನಾನು ಹೋದಾಗ ಅವಳು ಬಾಗಿಲು ತೆಗೆಯಲು ಗೋಡೆ ಹಿಡಿದು ಬಂದಳು.

"ಇನ್ನೊಂದು ವಾರ ನೋಡ್ತೀನಿ ರಘು," ಎಂದರು ಭಾವ. "ಆಗ್ಲಿಲ್ಲ ಅಂದ್ರೆ ಮಣ್ಣು ಹಾಕಿ ಮುಚ್ಚಿಸ್ತೀನಿ. ಲಾರಿಯವನಿಗೆ ಹೇಳಿಟ್ಟಿದೀನಿ. ಕಾರು ನಿಲ್ಲಿಸ್ಕೋಬಹುದು."

ಅಕ್ಕ ಕಾಫಿ ಲೋಟ ನನ್ನ ಕೈಗೆ ಕೊಟ್ಟು, ಸೋಫಾದ ಕೈ ಹಿಡಿದು ಮೆಲ್ಲಗೆ ಕೂತಳು.

ನಾನು ಒಂದು ಜಾಮ್ ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಹನುಮಂತನಗರದ ನಮ್ಮ ಮನೆಗೆ, ಮಾರನೆಯ ದಿನ ಕಾಲೇಜಿನ ಲ್ಯಾಬಿಗೆ ಒಯ್ದೆ. ಅಟೆಂಡರು ಬಾಟಲಿ ನೋಡಿ, "ಇದ್ಯಾವ ಕೆರೆ ಸಾರ್?" ಎಂದ. ಸಿಲ್ವರ್ ನೈಟ್ರೇಟ್ ಹನಿ ಹನಿಯಾಗಿ ಬಿಟ್ಟು ಲೆಕ್ಕ ಹಾಕಿದೆ. ಮೂರು ಸಲ. ಉಪ್ಪು ಬೇಕಾದುದಕ್ಕಿಂತ ಹೆಚ್ಚೇ ಇತ್ತು. ನಾಲಿಗೆ ಗೆದ್ದಿತ್ತು. ಹಾಗಾದರೆ ಯಂತ್ರವೇಕೆ ಸುಳ್ಳು ಹೇಳುತ್ತಿದೆ?

ಬುಧವಾರ ಓಕಳಿಪುರಂನಿಂದ ಮುನಿರಾಜು ಬಂದ. ಅಪಾರ್ಟ್‌ಮೆಂಟುಗಳ ಈಜುಕೊಳದ ಪಂಪು ರಿಪೇರಿ ಮಾಡುವವನು. ಪಂಪು ನೋಡಿದ, ಸರಿಯಿತ್ತು. ಫಿಲ್ಟರ್ ನೋಡಿದ, ಸರಿಯಿತ್ತು. ಸೆಲ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ತಗಡುಗಳು ಥಳಥಳ ಹೊಳೆಯುತ್ತಿದ್ದವು.

"ಎಷ್ಟು ಕ್ಲೀನಾಗಿದೆ," ಎಂದೆ ನಾನು.

"ಅದೇ ಸಾರ್ ಪ್ರಾಬ್ಲಮ್ಮು. ಇದು ಕಪ್ಪಗಿರ್ಬೇಕು. ಮೇಲೆ ಒಂದು ಕೋಟಿಂಗ್ ಇರುತ್ತೆ, ಕೆಲಸ ಮಾಡೋದೇ ಅದು. ಯಾರೋ ತಿಕ್ಕಿ ತಿಕ್ಕಿ ತೆಗೆದವ್ರೆ." ಸೆಲ್ಲನ್ನು ಮೂಗಿನ ಹತ್ತಿರ ಹಿಡಿದ. "ಹುಣಸೆಹಣ್ಣು ಸಾರ್."

ಭಾವ ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ ಹಿತ್ತಿಲ ಬಾಗಿಲ ಕಡೆ ನೋಡಿದೆವು. ಅಕ್ಕ ಅಲ್ಲಿ ನಿಂತಿದ್ದಳು.

"ಬೆಳ್ಳಗೆ ಪದರ ಕಟ್ಟಿತ್ತು ರೀ. ಬೋರ್ ನೀರಲ್ವಾ. ಗುರುವಾರ ಸಂಜೆ ಹೇಗಿದ್ರೂ ದೇವರ ಪಾತ್ರೆ ತಿಕ್ತೀನಿ. ಅದರ ಜೊತೆ ಇದನ್ನೂ ಬಿಚ್ಚಿ…"

"ಎಷ್ಟು ಗುರುವಾರ?" ಎಂದರು ಭಾವ.

"ಯುಗಾದಿ ಆದ್ಮೇಲಿಂದ."

"ತಗಡಿನ ಸಂದಿಗೆ ಕೈ ಹೋಗಲ್ವಲ್ಲ ಅಮ್ಮಾವ್ರೇ?" ಎಂದ ಮುನಿರಾಜು. ಅವನಿಗೆ ನಿಜವಾಗಿ ತಿಳಿಯಬೇಕಿತ್ತು.

"ತೆಂಗಿನ ಕಡ್ಡಿಗೆ ಬಟ್ಟೆ ಸುತ್ತಿ. ಹುಣಸೆಹಣ್ಣು, ಸ್ವಲ್ಪ ಇಟ್ಟಿಗೆ ಪುಡಿ."

"ಹದಿನೈದು ವರ್ಷದಿಂದ ಪಂಪು, ಪೈಪು ನೋಡ್ತಿದೀನಿ. ಇಷ್ಟು ನೀಟಾಗಿ ಹಾಳಾಗಿದ್ದು ನೋಡಿಲ್ಲ."

ನಮ್ಮ ಮನೆಗಳಲ್ಲಿ ಕಪ್ಪಗಿರುವ ಪಾತ್ರೆಯನ್ನು ಹಾಗೇ ಬಿಟ್ಟವರುಂಟೇ? ಹಿತ್ತಾಳೆ ದೀಪ ಫಳಫಳಿಸದಿದ್ದರೆ ಆ ಮನೆಯ ಹೆಂಗಸಿನ ಬಗ್ಗೆ ನಾಲ್ಕು ಮಾತು ಬರುತ್ತದೆ. ಟೈಟಾನಿಯಂಗೆ ಬೇರೆ ನ್ಯಾಯ ಎಂದು ಅವಳಿಗೆ ಯಾರು ಹೇಳಬೇಕಿತ್ತು?

"ಬೋರ್ಡು ಓದಿಲ್ವಾ ಸರೋಜಾ?" ಭಾವನ ಧ್ವನಿ ಏರಲಿಲ್ಲ. ಏರದಿದ್ದಾಗಲೇ ಭಯ. "ಮುಟ್ಟಬೇಡ ಅಂದಿದ್ದನ್ನ ಮುಟ್ಟೋದಾದ್ರೆ ಇದು ನಮಗೆ ಆಗೋ ಬಾಬ್ತಲ್ಲ. ಮುಚ್ಚಿಸಿಬಿಡೋಣ."

ಅಕ್ಕ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. "ರಘುನೇ ಹೇಳಿದ್ದು," ಎಂದಳು. "ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೋಗುತ್ತೆ ಅಂತ. ಫೋನಲ್ಲಿ."

ಈಗ ಎಲ್ಲರೂ ನನ್ನನ್ನು ನೋಡಿದರು. ಮುನಿರಾಜು ಕೂಡ.

ಹೇಳಿದ್ದೆನೇ? ಯುಗಾದಿಯ ಹೊತ್ತಿಗೆ ಅಕ್ಕ ಫೋನ್ ಮಾಡಿದ್ದು ನೆನಪಿತ್ತು. ಬೆಳ್ಳಗಿನ ಪದರ ಏನು ಎಂದು ಕೇಳಿದ್ದಳು. ಕ್ಯಾಲ್ಸಿಯಂ, ತೆಳು ಆಸಿಡ್‌ನಲ್ಲಿ ಕಾಲುಗಂಟೆ ನೆನೆಸಿದರೆ ಸಾಕು, ತಿಕ್ಕಬಾರದು ಎಂದಿದ್ದೆ. ಎಂದಿದ್ದೆ ಎಂದುಕೊಂಡಿದ್ದೆ. ಆದರೆ ಹುಣಸೆಹಣ್ಣಿನಲ್ಲಿರುವುದೂ ಆಸಿಡ್ಡೇ ಎಂದು ಪ್ರತಿವರ್ಷ ಕ್ಲಾಸಿನಲ್ಲಿ ಹೇಳುವವನು ನಾನು. ಬಾಯಿಗೆ ರೂಢಿಯಾದ ಮಾತು ಫೋನಿನಲ್ಲೂ ಬಂದಿರಬಹುದಲ್ಲ?

ಇನ್ನೊಂದು ಕಷ್ಟವಿತ್ತು. ಗಾಂಧಿಬಜಾರಿನಲ್ಲಿ ಹಸುವೊಂದು ನನ್ನ ಹಾಲ್ ಟಿಕೆಟ್ ತಿಂದ ಕಥೆಯನ್ನು ನಾನು ಹಲವು ವರ್ಷ ಹೇಳಿಕೊಂಡು ಬಂದಿದ್ದೆ. ಅದು ನನ್ನ ತಮ್ಮನಿಗೆ ಆದದ್ದು ಎಂದು ಹೋದ ವರ್ಷ ಗೊತ್ತಾಯಿತು. ಆ ಹಾಲ್ ಟಿಕೆಟ್ಟೂ ಅವನದೇ, ಪರೀಕ್ಷೆಯೂ ಅವನದೇ. ನನಗೆ ಮಾತ್ರ ಆ ಹಸುವಿನ ಮುರಿದ ಕೊಂಬು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ದೇವರಿದ್ದಾನೆಯೇ ಎಂದರೆ ಪುರಾವೆ ಕೇಳುವವನು ನಾನು. ಜಾತಕ ತಂದವರನ್ನು ಬಾಗಿಲಲ್ಲೇ ಪ್ರಶ್ನೆ ಕೇಳಿ ವಾಪಸ್ ಕಳಿಸಿದವನು. ಈಗ ನನ್ನದೇ ಮಾತಿಗೆ ಪುರಾವೆ ಎಲ್ಲಿಂದ ತರಲಿ? ಅದೇ ಹೊತ್ತಿಗೆ ಮುನಿರಾಜು ಯಂತ್ರದ ಸುಳ್ಳನ್ನೂ ಬಿಡಿಸಿ ಹೇಳಿದ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಆ ಪೆಟ್ಟಿಗೆ ಅಳೆಯುವುದೂ ಇದೇ ತಗಡುಗಳ ಮೂಲಕವಂತೆ. ತಗಡು ಕೆಟ್ಟರೆ ಅದಕ್ಕೆ ತಾನು ಕೆಟ್ಟಿದ್ದೇನೆ ಎಂದು ಗೊತ್ತಾಗುವುದಿಲ್ಲ. ಉಪ್ಪು ಸಾಲದು ಅನ್ನುತ್ತದೆ. ನನ್ನ ನೆನಪನ್ನು ನಾನು ಯಾವುದರಿಂದ ಅಳೆಯುತ್ತಿದ್ದೆ?

"ಹೇಳಿರ್ಬೇಕು ಭಾವ," ಎಂದೆ.

ಭಾವ ಮುನಿರಾಜುವಿನ ಕೈಯಿಂದ ಸೆಲ್ ತೆಗೆದುಕೊಂಡರು. "ಎಂ.ಎಸ್ಸಿ. ಮಾಡಿದವನೇ ಹೀಗೆ ಹೇಳಿದ್ರೆ ಅವಳೇನು ಮಾಡ್ತಾಳೆ ಪಾಪ."

ಸರ್ಕಾರಿ ಕೆಲಸದಲ್ಲಿ ಬೆಳೆದವರು ನೋಡಿ. ಆಜ್ಞೆ ಮೀರುವುದು ಬೇರೆ, ತಾಂತ್ರಿಕ ಸಲಹೆ ತಪ್ಪಾಗುವುದು ಬೇರೆ. ಎರಡನೆಯದಕ್ಕೆ ಮುಚ್ಚುವ ಶಿಕ್ಷೆಯಿಲ್ಲ, ದುರಸ್ತಿಯಿದೆ. ಅವತ್ತೇ ಲಾರಿಯವನಿಗೆ ಬೇಡ ಎಂದರು. ಹೊಸ ಸೆಲ್ಲಿಗೆ ಚೆನ್ನೈಗೆ ಫೋನ್ ಮಾಡಿದರು. ಸೊಳ್ಳೆಗೆ ಅಂಗಡಿಯಿಂದ ಪುಡಿ ಕ್ಲೋರಿನ್ ತಂದು ಸುರಿದರು. ಬೋರ್ಡಿನಲ್ಲಿ ಒಂದು ಸಾಲು ಸೇರಿಸಿದರು: 'ರಘುವನ್ನು ಕೇಳಕೂಡದು.'

ಪ್ರತಿ ಸಂಸಾರಕ್ಕೂ ತಪ್ಪು ಹೊರಲು ಇಂಥ ಒಬ್ಬ ಬೇಕು ಎಂದು ನನಗೆ ಈಚೆಗೆ ಅನ್ನಿಸುತ್ತಿದೆ. ಗೋಡೆಗೆ ಆ ಬಣ್ಣ ಬಳಿಸಲು ಹೇಳಿದ್ದು ಅವನೇ. ಸುಟ್ಟುಹೋದ ಮಿಕ್ಸಿ ಕೊಳ್ಳಿಸಿದ್ದು ಅವನೇ. ನೆಟ್ಟಗಾಗದ ಸಂಬಂಧ ತಂದದ್ದೂ ಅವನೇ. ಅವನು ಇಲ್ಲದಿದ್ದರೆ ಗಂಡ ಹೆಂಡತಿ ಪರಸ್ಪರ ಮುಖ ನೋಡಬೇಕಾಗುತ್ತದೆ. ನಿಮ್ಮ ಮನೆಯಲ್ಲಿ ಅವನು ಯಾರು? (ಗೊತ್ತಿಲ್ಲವೆಂದರೆ ನೀವೇ ಇರಬಹುದು.)

ಹೊಸ ಸೆಲ್ ಹತ್ತು ದಿನಕ್ಕೆ ಬಂತು. ನೀರು ತಿಳಿಯಾಯಿತು. ಮೊನ್ನೆ ಬೆಳಿಗ್ಗೆ ನಾನು ಹೋದಾಗ ಭಾವ ಪೇಪರ್ ತರಲು ಹೋಗಿದ್ದರು. ಅಕ್ಕ ನೀರಿನಲ್ಲಿದ್ದಳು. ಏನನ್ನೂ ಹಿಡಿಯದೆ ಈ ಗೋಡೆಯ ತನಕ ನಡೆದು ಬಂದು ನಿಂತಳು.

"ನೀನು ಏನೂ ಹೇಳಿರಲಿಲ್ಲ ಕಣೋ," ಎಂದಳು.

"ಏನನ್ನ?"

"ಹುಣಸೆಹಣ್ಣು. ನಾನೇ ಮಾಡ್ಕೊಂಡಿದ್ದು. ಅವರು ಮುಚ್ಚಿಸಿಬಿಡ್ತಿದ್ರು. ನಿನ್ನ ಹೆಸರು ಹೇಳಿದ್ರೆ ನೀನು ಇಲ್ಲ ಅನ್ನಲ್ಲ ಅಂತ ಗೊತ್ತಿತ್ತು." (ಭಾವ ಈ ಅಂಕಣ ಓದುವುದಿಲ್ಲ ಎಂದು ಅಕ್ಕ ಖಾತ್ರಿ ಕೊಟ್ಟಿದ್ದಾಳೆ.)

ನನಗೆ ಸಮಾಧಾನವಾಗಬೇಕಿತ್ತು. ಆದರೆ ಆ ಹದಿನೈದು ದಿನಗಳಲ್ಲಿ ನನಗೆ ಎಲ್ಲ ನೆನಪಾಗಿಬಿಟ್ಟಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ನಾನು ಫೋನನ್ನು ಎಡಗಿವಿಗೆ ಬದಲಾಯಿಸಿ, ಹುಣಸೆಹಣ್ಣು ಹಾಕಿ ತಿಕ್ಕು, ಹೋಗುತ್ತೆ ಎಂದಿದ್ದೆ.

"ಇಲ್ಲ ಅಕ್ಕ. ನಾನು ಹೇಳಿದ್ದೆ. ಕುಕ್ಕರ್ ಕೂಗ್ತಿತ್ತು."

ಅಕ್ಕ ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು. "ಅದನ್ನೇ ಇಟ್ಕೊಂಡು ಕೊರಗ್ತಿದೀಯೇನೋ? ಬಿಡು ಅತ್ಲಾಗೆ," ಎಂದು ತಿರುಗಿ ಆಚೆ ಗೋಡೆಯ ಕಡೆ ನಡೆದಳು, ನೀರು ಸರಿಸುತ್ತಾ.

ಅಕ್ಕ ಸುಳ್ಳು ಹೇಳಿದ್ದು ಯಾವಾಗ: ಅವತ್ತು ತನ್ನ ಕೊಳ ಉಳಿಸಿಕೊಳ್ಳಲು ಭಾವನ ಮುಂದೆಯೋ, ಮೊನ್ನೆ ನನ್ನನ್ನು ಉಳಿಸಲು ನೀರಿನಲ್ಲಿ ನಿಂತೋ?